ನಾಲ್ಕು ದಿನ ಅಂದಿದ್ದ

ನಾನು ಮೀನು ಮಾರುವವಳು. ಅಂಕೋಲೆಯ ಮಾರ್ಕೆಟ್ಟಿನಲ್ಲಿ ಕೂತೇ ಮುದುಕಿಯಾದೆ. ನನ್ನ ಒಬ್ಬನೇ ಮಗ ಕೊಲ್ಲಿಯ ಒಂದು ಬಂದರಿನಲ್ಲಿ ಅರಬನ ಮೀನು ಬೋಟಿಗೆ ಹೋಗುತ್ತಿದ್ದ. ಸೊಸೆ, ಮೊಮ್ಮಗಳು ಇಲ್ಲಿ ನನ್ನ ಜೊತೆ.

ಈ ವರ್ಷ ಅಲ್ಲಿ ಯುದ್ಧ ಶುರುವಾಯಿತು. ಶುರು ಮಾಡಿದವನು ಬೇರೊಂದು ದೊಡ್ಡ ದೇಶದ ಮುಖಂಡ. ಮೊದಲ ದಿನ ಟೀವಿಯಲ್ಲಿ ಬಂದು, ಅಲ್ಲಿಯವರು ದೊಡ್ಡ ಬಾಂಬು ಮಾಡುತ್ತಿದ್ದಾರೆ, ಅದನ್ನು ಒಡೆದು ಹಾಕುತ್ತೇನೆ, ನಾಲ್ಕು ದಿನದ ಕೆಲಸ ಎಂದ. ಎರಡನೇ ದಿನ ಬಾಂಬಿನ ಮಾತೇ ಇಲ್ಲ. ಅಲ್ಲಿನ ಹೆಂಗಸರಿಗೆ ಸ್ವಾತಂತ್ರ್ಯ ಕೊಡಿಸಲು ಹೋಗಿದ್ದೇನೆ ಎಂದ.

ಮಾರ್ಕೆಟ್ಟಿನಲ್ಲಿ ನನ್ನ ಪಕ್ಕ ಕೂರುವವಳು ಕೇಳಿದಳು, "ನಿನ್ನೆ ಬಾಂಬ್ ಇತ್ತಲೇ, ಬೆಳಗಾಗೂದ್ರೊಳಗೆ ಯಾರ್ ತಿಂದ್ರು? ನಾ ಐಸಿನ ಹಳೇ ಬಂಗಡೆ ಮಾರೂಕೂ ಇಷ್ಟು ಕತೆ ಕಟ್ಟೂದಿಲ್ಲಾ ಮಾರಾಯ್ತಿ."

"ನೀ ಕಟ್ಟೂದಿಲ್ಲಾ? ಮೊನ್ನೆ ಮಾಸ್ತರ್ರಿಗೆ ಬೆಳಗಿನ ಬಲೇದು ಹೇಳಿ ಎಂತ ಕೊಟ್ಟೆ?" ಎಂದೆ. ಸಾಲಿಗೆ ಸಾಲೇ ನಕ್ಕಿತು.

ಆ ಮುಖಂಡ ಹೇಳುವ ಕಾರಣವನ್ನು ಮಾರ್ಕೆಟ್ಟಿನಲ್ಲಿ ಯಾರೂ ನಂಬಲಿಲ್ಲ. ನಾನೂ ನಂಬಲಿಲ್ಲ. ನಾಲ್ಕು ದಿನ ಅಂದದ್ದನ್ನು ಮಾತ್ರ ನಂಬಿದೆ.

ಮೂರನೇ ದಿನ ಮಗನ ಫೋನು ಬಂತು. "ಆಯೀ, ಇಲ್ಲಿಂದ ಬಸ್ ಬಿಡ್ತ್ರಂತೆ. ಗಡಿ ದಾಟಿಸಿ ವಿಮಾನ ಹತ್ತಿಸ್ತ್ರಂತೆ. ಸಾಹುಕಾರ ಪಾಸ್‌ಪೋರ್ಟ್ ಕೈಗೆ ಕೊಟ್ಟಾನೆ. ನಿನ್ನ ಸೊಸೆ ಫೋನಲ್ಲಿ ಬನ್ನಿ ಬನ್ನಿ ಹೇಳಿ ಅಳ್ತಾಳೆ. ಎಂತ ಮಾಡೂದು?"

ನಮ್ಮಲ್ಲಿ ಗಾಳಿ ಎದ್ದರೆ ಬೋಟುಗಳೆಲ್ಲ ಕಾರವಾರದ ಬೈತಖೋಲ ಬಂದರಿಗೆ ಓಡಿ ಬರುತ್ತವೆ. ಮಲ್ಪೆಯವು, ಗೋವಾದವು, ನಮ್ಮವು ಎಲ್ಲ ಬೋಟು ನಿಲ್ಲಿಸುವ ದಕ್ಕೆಯಲ್ಲಿ ಒಂದಕ್ಕೊಂದು ಹಗ್ಗ ಕಟ್ಟಿ ನಿಲ್ಲುತ್ತವೆ. ಬೋಟಿನವರು ಬೋಟು ಬಿಟ್ಟು ಇಳಿಯುವುದಿಲ್ಲ. ಅಲ್ಲೇ ಗಂಜಿ ಬೇಯಿಸಿಕೊಂಡು ಕಾಯುತ್ತಾರೆ. ಮೂರು ದಿನ, ಹೆಚ್ಚೆಂದರೆ ನಾಲ್ಕು, ಗಾಳಿ ಇಳಿಯುತ್ತದೆ. ನನ್ನ ಗಂಡ ಬದುಕಿದ್ದಷ್ಟು ಕಾಲ ಹಾಗೇ ಮಾಡಿದ. ನನಗೆ ಗೊತ್ತಿದ್ದದ್ದು ಅಷ್ಟೇ.

"ಬೋಟ್ ದಕ್ಕೆಗೆ ಕಟ್ಟಿ ಅಲ್ಲೇ ಕೂತ್ಕೋ ಮಗಾ," ಎಂದೆ. "ಮೂರು ದಿನ ಆಗೋಯ್ತು. ಇನ್ನೊಂದು ದಿನ. ರಸ್ತೆಗೆ ಇಳೀಬೇಡ."

"ಸರಿ ಹಂಗಾರೆ," ಎಂದ.

ನಾಲ್ಕು ದಿನ ಕಳೆಯಿತು. ಐದನೇ ದಿನ ಆ ಮುಖಂಡ, ಅಲ್ಲಿಯ ಸರ್ಕಾರ ಕಿತ್ತು ಹಾಕದೆ ಬಿಡುವುದಿಲ್ಲ ಎಂದ. ಏಳನೇ ದಿನ ಎಣ್ಣೆ ಹಡಗುಗಳ ದಾರಿ ತೆರೆಸಬೇಕು ಎಂದ. ಆಗ ನನಗೆ ತಿಳಿಯಿತು. ಗಾಳಿಗೆ ಕಾರಣ ಬೇಕಾಗಿಲ್ಲ, ಅದು ಬೀಸಿ ಮುಗಿಯುತ್ತದೆ. ಈ ಮನುಷ್ಯ ಕಾರಣ ಬದಲಿಸಿದಾಗೆಲ್ಲ ಮುಗಿಯುವ ದಿನವೂ ಮುಂದೆ ಹೋಗುತ್ತದೆ. ಕೊಯ್ಯುತ್ತಿದ್ದ ಮೀನು ಬಿಟ್ಟು ಮಗನಿಗೆ ಫೋನು ಮಾಡಿದೆ. "ಬಸ್ ಹತ್ತು, ಈಗ್ಲೇ ಹತ್ತು" ಎಂದೆ. "ಬಸ್ ನಿಂತೋಯ್ತು ಆಯಿ" ಎಂದ.

ಒಂಬತ್ತನೇ ದಿನ ಆ ದಕ್ಕೆಯ ಮೇಲೆ ಬಾಂಬು ಬಿತ್ತು. ಬೋಟುಗಳನ್ನು ಒಂದಕ್ಕೊಂದು ಕಟ್ಟಿದ್ದರು. ಬೆಂಕಿ ಒಂದರಿಂದ ಒಂದಕ್ಕೆ ಹೋಯಿತು.

ಮಗನ ಪೆಟ್ಟಿಗೆ ಬಂತು. ಬಿಚ್ಚಬೇಡಿ ಎಂದರು. ಬಿಚ್ಚಲಿಲ್ಲ. ಅದೇ ವಾರ ಆ ಮುಖಂಡ ಟೀವಿಯಲ್ಲಿ, ನಾಲ್ಕು ದಿನ ಎಂದು ನಾನು ಯಾವತ್ತೂ ಹೇಳಿಲ್ಲ ಎಂದ.

ಮಾತಾಡಿಸಲು ಬಂದವರೆಲ್ಲ ಒಂದೇ ಕೇಳಿದರು: ಉಳಿದವರು ಬಸ್ಸು ಹತ್ತಿ ಬಂದರಲ್ಲ, ಇವನು ಯಾಕೆ ಬರಲಿಲ್ಲ? ಹಣಕೋಣದ ನೆಂಟರಿಗೆ, ಸಾಹುಕಾರ ಪಾಸ್‌ಪೋರ್ಟ್ ಕೊಡಲಿಲ್ಲ ಎಂದೆ. ಸೊಸೆಯ ಅಣ್ಣ ಶೆಟಗೇರಿಯಿಂದ ಬಂದಾಗ ಬಸ್ಸು ತುಂಬಿತ್ತು ಎಂದೆ. ಪಕ್ಕದ ಮನೆಯವಳಿಗೆ ರಸ್ತೆ ಒಡೆದಿತ್ತು ಎಂದೆ. ಪ್ರತಿ ಸಲವೂ ಬಾಯಿಗೆ ಸುಲಭವಾಗಿ ಬಂತು.

ಪಕ್ಕದ ಮನೆಯವಳು ಹೋದ ಮೇಲೆ ಸೊಸೆ ಒಳಗಿನಿಂದ ಬಂದಳು. "ಅತ್ತೆ, ಒಬ್ರಿಗೆ ಪಾಸ್‌ಪೋರ್ಟ್, ಒಬ್ರಿಗೆ ಬಸ್ಸು, ಇವತ್ತು ರಸ್ತೆ. ಆ ಟೀವಿಯವ್ನೂ ನೀವೂ ಒಂದೇ ಆಯ್ತು. ಖರೇ ಎಂತ, ಹೇಳಿ."

"ನಾನೇ ಕೂತ್ಕೋ ಹೇಳ್ದೆ," ಎಂದೆ. "ಅಂವ ಕೇಳ್ದಾ. ನಾ ಬೇಡ ಹೇಳ್ದೆ."

ಅವಳು ಅಳಲಿಲ್ಲ. ಗೋಡೆ ಹಿಡಿದು ನಿಂತಳು. "ನಾ ಬನ್ನಿ ಹೇಳಿದ್ದೆ," ಎಂದಳು.

ಮಾರನೇ ದಿನ ಅವರ್ಸೆಯಿಂದ ನನ್ನ ನಾದಿನಿ ಬಂದಳು. ಅವಳೂ ಅದನ್ನೇ ಕೇಳಿದಳು. ಸೊಸೆ ಚಹಾ ತಂದಿಟ್ಟು, "ಅತ್ತೆ ಹೇಳ್ತ್ರು, ಕೇಳಿ," ಎಂದು ಬಾಗಿಲಲ್ಲೇ ನಿಂತಳು. ನಾನು ಹೇಳಿದೆ.

"ನೀನಾ ಅತ್ತಿಗೇ?"

"ನಾನೇ."

ಅವಳು ಚಹಾ ಮುಟ್ಟದೆ ಎದ್ದು ಹೋದಳು. ಈಗ ಯಾರು ಬಂದು ಕೇಳಿದರೂ ಸೊಸೆ ಬಾಗಿಲಿಗೆ ಬಂದು ನಿಲ್ಲುತ್ತಾಳೆ, ನಾನು ಹೇಳುತ್ತೇನೆ. ಮೊಮ್ಮಗಳಿಗೆ ಐದು ವರ್ಷ. ಅವಳು ಕೇಳುವ ಹೊತ್ತಿಗೆ ನಾನು ಇರುವುದಿಲ್ಲ. ಅದಕ್ಕೇ ಬರೆದಿಟ್ಟೆ.