ಪರಿಚಯವಿಲ್ಲದ ಕಾರ್ಡು

ಕೈರೋದ ನಮ್ಮ ಓಣಿಯಲ್ಲಿ ಹಳೆ ಕಂಪ್ಯೂಟರ್ ರಿಪೇರಿ ಮಾಡುವ ವಗ್ದಿಯನ್ನು ಎಲ್ಲರೂ ಕರೆಯುವುದು ‘ಬಾಶ್ ಮುಹಂದಿಸ್’ ಎಂದೇ. ದೊಡ್ಡ ಇಂಜಿನಿಯರ್ ಎಂದರ್ಥ. ಕಾಲೇಜನ್ನು ಎರಡನೇ ವರ್ಷಕ್ಕೇ ಬಿಟ್ಟವನು. ನಾವೆಲ್ಲ ಸರ್ಕಾರದ ವಿರುದ್ಧ ಚೌಕದಲ್ಲಿ ಧರಣಿ ಕೂತ ದಿನಗಳಲ್ಲಿ ಮೈಕು, ಬ್ಯಾಟರಿ ನೋಡಿಕೊಂಡ. ಆಮೇಲಿನ ಆಯುಷ್ಯವೆಲ್ಲ ಜನ ಬಿಸಾಡಿದ್ದನ್ನು ಓಡಿಸುವುದರಲ್ಲೇ ಸವೆಯಿತು. ಈಗ ಐವತ್ತಾರು. ಬೆನ್ನು ಕೈಕೊಟ್ಟಿದೆ.

ಮಂಗಳವಾರ ನಗಾತ್ ಬಂದಳು. ನಕ್ಷೆ ಬರೆಯುವ ಹೆಂಗಸು. ಹೊಸ ರಸ್ತೆಗೆಂದು ಓಣಿಯ ಹನ್ನೊಂದು ಮನೆ ಕೆಡವುತ್ತಾರೆ, ಅವಳದೂ ಅದರಲ್ಲಿದೆ. ಗುರುವಾರ ಮಧ್ಯಾಹ್ನದೊಳಗೆ ಆಕ್ಷೇಪಣೆ ಕೊಡಬೇಕು, ಜತೆಗೆ ನಕ್ಷೆ. ಕಚೇರಿಗೆ ಹೊಸ ತಂತ್ರಾಂಶದ ನಕ್ಷೆಯೇ ಆಗಬೇಕು, ಆ ತಂತ್ರಾಂಶಕ್ಕೆ ಹೊಸ ಆಪರೇಟಿಂಗ್ ಸಿಸ್ಟಮ್ಮೇ ಆಗಬೇಕು, ಅದಕ್ಕೆ ಇವಳ ಹಳೆ ಗ್ರಾಫಿಕ್ಸ್ ಕಾರ್ಡು ಆಗದು.

“ಕಾರ್ಡು ಸತ್ತೋಯ್ತಾ, ಬಾಶ್ ಮುಹಂದಿಸ್?”

“ಗುಂಡುಕಲ್ಲಿದ್ದಂಗಿದೆ. ಅದರ ಪರಿಚಯ ಬರೆಯೋದನ್ನ ಕಂಪನಿಯೋರು ನಿಲ್ಲಿಸಿದಾರೆ, ಅಷ್ಟೇ.”

ಕಾರ್ಡನ್ನು ನಡೆಸುವ ಡ್ರೈವರ್ ತಂತ್ರಾಂಶಕ್ಕೆ ನಮ್ಮ ಕಡೆ ‘ಪರಿಚಯ’ ಎನ್ನುತ್ತಾರೆ. ಪರಿಚಯ ಮಾಡಿಕೊಡುವವರಿಲ್ಲದಿದ್ದರೆ ಕಂಪ್ಯೂಟರು ಕಾರ್ಡಿನ ಮುಖ ನೋಡುವುದಿಲ್ಲ. ಹಳೆ ಸಿಸ್ಟಮ್ಮಿನ ಪರಿಚಯವನ್ನೇ ತೆಗೆದುಕೊಂಡು, ಅದರೊಳಗೆ ಕಾರ್ಡಿನ ನಂಬರನ್ನು ಕೈಯಾರೆ ತುರುಕಿ, ಕಂಪನಿಯ ಸಹಿ ಇದೆಯೇ ಎಂದು ನೋಡುವ ಸಿಸ್ಟಮ್ಮಿನ ತಪಾಸಣೆಯನ್ನು ಮುಚ್ಚಿಸಿ ಒಳಗೆ ಬಿಡಬೇಕು. ನಗಾತ್ ನಂಬರನ್ನು ಚೀಟಿಯಲ್ಲಿ ಬರೆದು ತಂದಿದ್ದಳು.

ಬುಧವಾರ ಬೆಳಿಗ್ಗೆ ವಗ್ದಿ ಅವಳ ಮನೆಯಲ್ಲಿ ಅದನ್ನು ಮೂರು ಸಲ ಹಾಕಿದ. ‘ಹೊಂದುವ ಕಾರ್ಡು ಸಿಗಲಿಲ್ಲ’ ಎಂದಿತು, ಮೂರು ಸಲವೂ. ವಗ್ದಿ ಬೆನ್ನುನೋವಿಗೆ ನೆಲದ ಮೇಲೆ ಮೈಚಾಚಿದ. ನಗಾತ್ ಅವನು ಟೈಪಿಸಿದ್ದನ್ನು ನೋಡಿದಳು.

“ಐದು ಯಾಕೆ ಹಾಕಿದೀಯ? ನಾ ಬರೆದದ್ದು ಸೊನ್ನೆ.”

“ದುಂಡಗೆ ಬರೆದರೆ ನಮ್ಮ ಅರಬ್ಬಿ ಅಂಕಿಯಲ್ಲಿ ಐದು ತಾನೇ? ಸೊನ್ನೆ ಅಂದ್ರೆ ಚುಕ್ಕೆ ಇಡಬೇಕು.”

“ಸ್ಕ್ರೀನಲ್ಲಿ ಇಂಗ್ಲಿಷಲ್ಲಿ ಇದ್ದ ಹಾಗೇ ಬರೆದೆ. ನಾನೇನು ತರಕಾರಿ ಚೀಟಿ ಬರೆದ್ನಾ?”

“ಕಾರ್ಡಿಗಿಂತ ಮೊದಲು ನಮ್ಮಿಬ್ಬರಿಗೇ ಪರಿಚಯ ಮಾಡಿಸಬೇಕಿತ್ತು,” ಎಂದು ಏಳಲಾರದೆ ಎದ್ದು, ಐದನ್ನು ಅಳಿಸಿ ಸೊನ್ನೆ ಹಾಕಿದ.

ಸ್ಕ್ರೀನು ಕಪ್ಪಾಗಿ, ತಡೆದು, ಬೆಳಗಿತು. ನಕ್ಷೆ ಸರಿಸಿದರೆ ಗೆರೆಗಳು ನಡುಗುತ್ತಿದ್ದವು.

“ನೆಟ್ಟಿಗೆ ಹಾಕ್ಬೇಡಮ್ಮ. ಹೊಸ ಅಪ್‌ಡೇಟ್ ಇಳಿದ್ರೆ ಈ ಪರಿಚಯಾನೇ ಕಿತ್ತು ಬಿಸಾಕುತ್ತೆ.”

ಅವಳು ಸಂಜೆಯವರೆಗೂ ಗೆರೆ ಎಳೆದಳು. ಗುರುವಾರ ಹನ್ನೊಂದೂವರೆಗೆ ಗುಮಾಸ್ತ ಮುದ್ರೆ ಒತ್ತಿದ. ಮನೆಗಳು ಉಳಿದವು ಎಂದಲ್ಲ, ಅರ್ಜಿ ಒಳಗೆ ಹೋಯಿತು, ಅಷ್ಟೇ. ವಿಚಾರಣೆ ಮುಂದಿನ ತಿಂಗಳು, ಆಗ ತಿದ್ದಿದ ನಕ್ಷೆ ಬೇಕಂತೆ.

ಅಲ್ಲಿಯವರೆಗೂ ಈ ಪರಿಚಯ ಉಳಿಯಬೇಕು ಎಂದು ವಗ್ದಿಗೆ ಹೇಳಿದೆವು. “ಮುಂದಿನ ತಿಂಗಳು ತಾನೇ,” ಎಂದು ಬೆಂಚಿನ ಮೇಲೆ ಒರಗಿದ.