ಯಾರ ಮನೆಯ ಬೆಕ್ಕಿದು?

ಡಾಕ್ಟರ ಎರಡೂ ಕೈಗಳ ಮೇಲೆ, ಮಣಿಕಟ್ಟಿನಿಂದ ಮೊಣಕೈವರೆಗೆ, ಪರಚಿದ ಗೀರುಗಳಿದ್ದವು. ಹಳೆಯವು ಬೆಳ್ಳಗೆ, ಹೊಸವು ಕೆಂಪಗೆ. ತುಂಬುತೋಳಿನ ಅಂಗಿಯನ್ನೇ ಹಾಕುತ್ತಿದ್ದರು, ಆದರೆ ತೋಳು ಮಡಚುವ ಅಭ್ಯಾಸ ಇದ್ದುದರಿಂದ ಊರಿಗೆಲ್ಲ ಕಾಣುತ್ತಿತ್ತು. ಮೊದಲ ಸಲ ನನ್ನ ಹೊಲಿಗೆ ಅಂಗಡಿಗೆ ಬಂದು ಗುಂಡಿ ಹಾಕಿಕೊಡಿ ಎಂದು ಅಂಗಿ ಚಾಚಿದಾಗ ನಾನು ಆ ಕೈ ನೋಡಿ, ಪಾಪ, ಮನೆಯಲ್ಲಿ ಹೆಂಡತಿಯ ಜೊತೆ ಏನೋ ರಂಪ ಇರಬೇಕು ಅಂದುಕೊಂಡೆ. ನಾನು ಕೇಳುವ ಮೊದಲೇ ಅವರು ನಕ್ಕು "ಬೆಕ್ಕು ಕಣವ್ವ" ಎಂದರು.

ಸರ್ಕಾರಿ ನೌಕರಿಯನ್ನೆಲ್ಲ ಜಗಳೂರಿನ ಕುರಿ, ಚನ್ನಗಿರಿ ಕಡೆಯ ಎಮ್ಮೆಗಳ ನಡುವೆ ಕಳೆದವರು ಅವರು. ನಿವೃತ್ತರಾದ ಮೇಲೆ ನ್ಯಾಮತಿಯಲ್ಲಿ ನನ್ನ ಪಕ್ಕದ ಮಳಿಗೆಯನ್ನು ಬಾಡಿಗೆಗೆ ಹಿಡಿದು ನಾಯಿ-ಬೆಕ್ಕುಗಳ ಕ್ಲಿನಿಕ್ಕು ತೆರೆದರು. ಬೆಕ್ಕಿಗೊಬ್ಬ ಡಾಕ್ಟರು! ನ್ಯಾಮತಿ ತಾಲ್ಲೂಕಾದದ್ದೇ ಆಯಿತು, ಇನ್ನು ಏನೇನು ನೋಡಬೇಕೋ ಎಂದು ನಾನು ಗಿರಾಕಿಗಳ ಮುಂದೆ ಆಡಿಕೊಂಡೆ. ನನಗೆ ಬೆಕ್ಕೆಂದರೆ ಆಗುವುದಿಲ್ಲ. ಈಗಲೂ ಅಷ್ಟೆ, ಸುಳ್ಳೇಕೆ ಹೇಳಲಿ.

ಸಾಕಿದ ಬೆಕ್ಕು ತರುವವರು ಕಡಿಮೆ. ಬರುತ್ತಿದ್ದುದೆಲ್ಲ ಬೀದಿಯವು. ಹಾಲಿನ ಕ್ರೇಟಿನ ಮೇಲೆ ಇನ್ನೊಂದು ಕ್ರೇಟು ಬೋರಲು ಹಾಕಿ ಹಗ್ಗ ಬಿಗಿದು ತರುವರು, ಸಿಮೆಂಟ್ ಚೀಲದಲ್ಲಿ ತರುವರು. ಹೆಲ್ಮೆಟ್ಟಿನಲ್ಲಿ ಮರಿ ತಂದ ಮಹಾನುಭಾವನೂ ಒಬ್ಬನಿದ್ದ. "ರಸ್ತೇಲಿ ಬಿದ್ದಿತ್ತು ಸಾರ್" ಅನ್ನುವುದು, ಬೈಕು ಹತ್ತುವುದು. ಡಾಕ್ಟರು ಅಷ್ಟು ಸುಲಭಕ್ಕೆ ಬಿಡುವ ಆಸಾಮಿಯಲ್ಲ. "ಯಾವ ಗಲ್ಲಿ? ಯಾರ ಮನೆ ಮುಂದೆ? ವಾಸಿಯಾದ ಮ್ಯಾಲೆ ಅಲ್ಲೇ ಬಿಡ್ಬೇಕು ಇದನ್ನ. ಬ್ಯಾರೆ ಕಡೆ ಬಿಟ್ರೆ ಅಲ್ಲಿರೋ ಬೆಕ್ಕು ಬದುಕಾಕೆ ಬಿಡಲ್ಲ" ಎಂದು ತಂದವರನ್ನು ಸ್ಟೂಲಿನ ಮೇಲೆ ಕೂರಿಸುವರು. ಕಚ್ಚಿಸಿಕೊಂಡು ಬಂದವರಿಗಂತೂ ಮೊದಲು ಬೈಗುಳ. ಸೋಪು ಹಚ್ಚಿ ನಲ್ಲಿಯ ಕೆಳಗೆ ಕೈ ಹಿಡಿಸಿ, ಇಂಜೆಕ್ಷನ್ನಿಗೆ ದೊಡ್ಡಾಸ್ಪತ್ರೆಗೆ ಅಟ್ಟಿದ ಮೇಲೆಯೇ ಬೆಕ್ಕಿನ ಸರದಿ.

ತಮ್ಮ ಮನೆಯ ಬೆಕ್ಕನ್ನೇ ಬೀದಿಯದೆಂದು ತಂದು ಬಿಟ್ಟುಹೋಗಲು ನೋಡುವವರೂ ಇದ್ದರು. ಅನುಮಾನ ಬಂದರೆ ಡಾಕ್ಟರು ಬಾಗಿಲು ಹಾಕಿ ಬೆಕ್ಕನ್ನು ನೆಲಕ್ಕೆ ಬಿಡುತ್ತಿದ್ದರು. ಬೀದಿಯದಾದರೆ ಕಪಾಟಿನ ಸಂದಿಗೆ ನುಗ್ಗುತ್ತಿತ್ತು. ಮನೆಯದಾದರೆ ತಂದವರ ಕಾಲಿಗೇ ಬಂದು ಮೈ ಉಜ್ಜುತ್ತಿತ್ತು. "ಅದು ನಿಮ್ಮನ್ನ ಬಿಟ್ಟಿಲ್ವಲ್ರೀ, ನೀವ್ಯಾಕೆ ಬಿಡ್ತೀರಿ?" ಎಂದಷ್ಟೇ ಕೇಳುವರು. ಬಂದವರು ತಲೆ ತಗ್ಗಿಸಿ ಬುಟ್ಟಿ ಎತ್ತಿಕೊಂಡು ಹೋಗುವರು.

ನಿಜವಾಗಿ ಯಾರದೆಂದು ತಿಳಿಯದ ಬೆಕ್ಕನ್ನು ಮಾತ್ರ ಒಂದು ಹಗಲು ನನ್ನ ಅಂಗಡಿಯ ಮುಂದೆ ಬುಟ್ಟಿಯಲ್ಲಿ ಇಡುವುದು ಅವರ ಪದ್ಧತಿ. "ನಿನ್ನ ಹತ್ರ ಊರಿನ ಹೆಣ್ಮಕ್ಕಳೆಲ್ಲ ಬರ್ತಾರೆ. ಒಬ್ರಲ್ಲ ಒಬ್ರು ಗುರ್ತು ಹಿಡೀತಾರೆ, ಇರ್ಲಿ ಬಿಡವ್ವ." ಇರಲಿ ಬಿಡು ಅಂದರೆ? ಮದುವೆ ಸೀರೆಯ ಫಾಲ್ಸಿನ ಮೇಲೆಲ್ಲ ಬೆಕ್ಕಿನ ಕೂದಲು! ನಾನು ಎಷ್ಟು ಕೂಗಾಡಿದರೂ ಮರುದಿನ ಬುಟ್ಟಿ ಹಾಜರು. ತಮಾಷೆಯೆಂದರೆ ಎಷ್ಟೋ ಸಲ ಗುರುತು ಸಿಗುತ್ತಿತ್ತು. ಬ್ಲೌಸ್ ಅಳತೆ ಕೊಡಲು ಬಂದವಳು ಬುಟ್ಟಿಯಲ್ಲಿ ಇಣುಕಿ "ಅಯ್ಯೋ, ಇದು ನಮ್ಮ ಓಣೀದಲ್ವಾ!" ಎಂದು ಅಳತೆ ಮರೆತು ಓಡುವಳು. ಆಗ ಡಾಕ್ಟರು ನನ್ನ ಕಡೆ ನೋಡಿ ಹುಬ್ಬು ಹಾರಿಸುವರು. "ಬೀದಿ ಬೆಕ್ಕು ಅಂತ ಯಾವ್ದೂ ಇಲ್ಲ ಕಣವ್ವ. ಎಲ್ಲೋ ಒಬ್ರು ಅದುಕ್ಕೆ ಹೆಸ್ರಿಟ್ಟಿರ್ತಾರೆ."

ಆ ಮಾತೇ ಅವರಿಗೆ ಮುಳ್ಳಾಯಿತು.

ಒಂದು ಮಧ್ಯಾಹ್ನ ಹೊನ್ನಾಳಿ ರಸ್ತೆಯಿಂದ ಯಾರೋ ಒಬ್ಬರು ಚೀಲದಲ್ಲಿ ಒಂದು ಬೂದು ಬೆಕ್ಕು ತಂದರು. ಲಾರಿ ಹೊಡೆದು ಸೊಂಟದ ಕೆಳಗೆ ಪೂರಾ ಜಜ್ಜಿಹೋಗಿತ್ತು. ಬಾಲದ ತುದಿ ಮಾತ್ರ ಬೆಳ್ಳಗೆ, ಸುಣ್ಣದಲ್ಲಿ ಅದ್ದಿದ ಹಾಗೆ. ಅದರ ಕೂಗು ಕೇಳಿ ನನ್ನ ಮಿಶಿನ್ನು ತಾನಾಗಿ ನಿಂತಿತು. ತಂದವರು ಬೀದಿಯದೆಂದರು. ಬುಟ್ಟಿಯಲ್ಲಿಟ್ಟು ಹಗಲೆಲ್ಲ ಕಾಯುವ ಸ್ಥಿತಿ ಅದರದಲ್ಲ. ಡಾಕ್ಟರು ಟವೆಲ್ಲು ಸುತ್ತಿ ಬಹಳ ಹೊತ್ತು ನೋಡಿ, ಕೊನೆಗೆ ಕಣ್ಣು ಮುಚ್ಚಿಸುವ ಇಂಜೆಕ್ಷನ್ ಕೊಟ್ಟರು. ಹಿತ್ತಲಿನ ಹೊಂಗೆಯ ಬುಡದಲ್ಲಿ ತಾವೇ ಗುಂಡಿ ತೋಡಿ ಮುಚ್ಚಿದರು.

ಮಾರನೆಯ ದಿನ ಖಾಲಿ ಬುಟ್ಟಿ ಕೊಡಲು ನಾನು ಕ್ಲಿನಿಕ್ಕಿಗೆ ಹೋಗಿದ್ದಾಗ ಒಬ್ಬ ಹೆಂಗಸು ಬಾಗಿಲಲ್ಲಿ ಬಂದು ನಿಂತಳು. ಮೆಕ್ಕೆಜೋಳದ ಗೋಡೌನಿನಲ್ಲಿ ಜರಡಿ ಹಿಡಿಯುವವಳು, ತಲೆಯ ಮೇಲೆಲ್ಲ ಧೂಳು.

"ಸಾರ್, ನಮ್ಮ ಸುಬ್ಬೀನ ಇಲ್ಲಿಗೆ ತಂದಿದ್ರಂತೆ. ಬಾಲದ ತುದಿ ಬಿಳೀದು. ನಮ್ಮನೆಯವ್ರು ತೀರಿಕೊಂಡ ಮ್ಯಾಲೆ ಮನೇಲಿ ಮಾತಾಡ್ಸಾಕೆ ಅದೊಂದೇ ಇರೋದು. ಹೆಂಗೈತೆ ಸಾರ್?"

ಡಾಕ್ಟರ ಮುಖ ನೋಡಿದೆ. ಅವರು ಕಿಟಕಿಯ ಕಡೆ ತಿರುಗಿದರು. ಆಮೇಲೆ ಹೇಳಿದರು: "ಪಟ್ಟಿ ಕಟ್ಟಿದ್ದೆ ಕಣವ್ವ. ಸುಧಾರಿಸ್ಕಂಡಿತ್ತು. ಕಿಟಕಿ ತೆಗೆದಿತ್ತು ನೋಡು, ಹಾರಿ ಹೋಗ್ಬಿಡ್ತು."

ಆಕೆಯ ಮುಖ ಅರಳಿದ್ದನ್ನು ನಾನು ಮರೆತಿಲ್ಲ. "ಹಂಗಾದ್ರೆ ಇಲ್ಲೇ ಎಲ್ಲೋ ಐತೆ!" ಎಂದಳು.

ಅಂದಿನಿಂದ ಗೋಡೌನು ಮುಚ್ಚಿದ ಕೂಡಲೇ ದಿನಾ ಬರತೊಡಗಿದಳು. ಕ್ಲಿನಿಕ್ಕಿನ ಪಕ್ಕದ ಸಂದಿಯಲ್ಲಿ ನಿಂತು "ಸುಬ್ಬೀ... ಬಾ ಬಾ ಬಾ... ಸುಬ್ಬೀ" ಎಂದು ಕರೆಯುವಳು. ಜೋರಾಗಿಯೂ ಅಲ್ಲ, ಊಟಕ್ಕೆ ಕರೆದ ಹಾಗೆ. ಒಳಗೆ ಪಂಜರದಲ್ಲಿರುವ ಬೆಕ್ಕುಗಳೆಲ್ಲ ಕಿವಿ ನಿಮಿರಿಸಿ ಬಾಗಿಲ ಕಡೆ ತಿರುಗುತ್ತಿದ್ದವು. ಡಾಕ್ಟರು ಕೈಯಲ್ಲಿದ್ದ ಕೆಲಸ ಹಾಗೇ ನಿಲ್ಲಿಸಿ, ಅವಳು ಹೋಗುವವರೆಗೆ ಅಲುಗಾಡುತ್ತಿರಲಿಲ್ಲ.

ಹೋಗುವಾಗ ಕಿಟಕಿಯ ಕೆಳಗೆ ತೆಂಗಿನ ಚಿಪ್ಪಿನಲ್ಲಿ ಒಂದಿಷ್ಟು ಮಜ್ಜಿಗೆ ಅನ್ನ ಇಟ್ಟು ಹೋಗುವಳು. ಮರುದಿನ ಬಂದು ನೋಡಿದರೆ ಚಿಪ್ಪು ನೆಕ್ಕಿ ಖಾಲಿ. ಖಾಲಿಯಾಗದೆ ಇನ್ನೇನು? ನಮ್ಮ ಓಣಿಯ ಬೆಕ್ಕುಗಳೇ ಸುತ್ತಮುತ್ತ ಬೇಕಾದಷ್ಟಿದ್ದವು. ಆದರೆ ಆಕೆ ಆ ಚಿಪ್ಪು ಎತ್ತಿ ಹಿಡಿದು "ನೋಡ್ರಿ ಸಾರ್, ತಿಂದೈತೆ! ನನ್ನ ಕಂಡ್ರೆ ಮುನಿಸು ಅದುಕ್ಕೆ, ಅದುಕ್ಕೇ ಮುಂದೆ ಬರವಲ್ದು" ಎಂದು ಹಿಗ್ಗುವಳು. ಡಾಕ್ಟರು ಹೂಂಗುಟ್ಟಿ ಒಳಗೆ ಹೋಗಿ ಕೈ ತೊಳೆಯುವರು. ತೊಳೆದ ಕೈಯನ್ನೇ ಮತ್ತೆ ತೊಳೆಯುವರು.

"ಹೇಳಿಬಿಡ್ರಿ ಡಾಕ್ಟ್ರೇ, ಇದೇನು ಶಿಕ್ಷೆ ಆಕೆಗೆ?" ಎಂದು ನಾನು ಜಗಳಕ್ಕೇ ನಿಂತೆ. "ನೀವೇನು ಬೇಕಂತ ಕೊಂದ್ರಾ? ಅದರ ನೋವು ನಾನೂ ಕೇಳಿದೀನಿ."

"ಯಾವ ಬಾಯಿಂದ ಹೇಳ್ಲವ್ವ? ದಿನಾ ಹೇಳ್ಬೇಕು ಅಂತಾನೇ ಬರ್ತೀನಿ. ಆಕೆ ಚಿಪ್ಪು ತೋರಿಸ್ತಾಳೆ, ನನ್ನ ನಾಲಿಗೆ ಏಳಲ್ಲ."

ಆಮೇಲೆ ಅವರು ಬೇರೆಯೇ ಮನುಷ್ಯರಾದರು. ಬದುಕುವ ಭರವಸೆ ಇಲ್ಲದ ಬೆಕ್ಕು ಬಂದರೆ ಮೊದಲು ನೋವು ತಗ್ಗುವ ಔಷಧಿ ಕೊಟ್ಟು ಮಂಪರು ಬರಿಸುವರು. ಆಮೇಲೆ ಸ್ಕೂಟರಿನ ಮುಂದೆ ಬುಟ್ಟಿ ಇಟ್ಟುಕೊಂಡು, ಅದು ಸಿಕ್ಕ ಓಣಿಯಲ್ಲಿ ಮನೆ ಮನೆಯ ಮುಂದೆ ನಿಲ್ಲುವರು. "ಯಾರ ಮನೇ ಬೆಕ್ಕಮ್ಮಾ ಇದು?" ಕಟ್ಟೆಯ ಮೇಲೆ ಕೂತವರು "ಬೆಕ್ಕು ಮಾರೋರು ಬಂದ್ರಪ್ಪೋ" ಎಂದು ನಗುತ್ತಿದ್ದರು. ಡಾಕ್ಟರು ನಗುತ್ತಿರಲಿಲ್ಲ. ಯಾರೂ ನಮ್ಮದಲ್ಲ ಎಂದಮೇಲೂ ಇನ್ನೊಂದು ಸುತ್ತು ಹೋಗಿಬರುವರು. ಆಮೇಲೆಯೇ ಆ ಇಂಜೆಕ್ಷನ್. ಅವರ ಗಲ್ಲಗಳು ಒಳಗೆ ಹೋದವು, ಅಂಗಿ ಸಡಿಲಾಯಿತು. ಅದನ್ನು ಬಿಗಿ ಮಾಡಿ ಹೊಲಿದುಕೊಟ್ಟವಳು ನಾನೇ.

ಹೀಗೆಯೇ ನಡೆಯುತ್ತಿತ್ತೋ ಏನೋ. ಒಂದು ಸಂಜೆ ಆಕೆ ಅನ್ನ ಇಟ್ಟು, ನನ್ನ ಮೆಟ್ಟಿಲ ಮೇಲೆ ಕೂತು ಮಾತಿಗೆ ತೆಗೆದಳು. ತ್ಯಾವಣಿಗೆಯಲ್ಲಿರುವ ತಂಗಿ ತನ್ನ ಜೊತೆಯೇ ಬಂದು ಇರು ಎಂದು ಕರೆಯುತ್ತಿದ್ದಾಳಂತೆ. ಅಲ್ಲಿ ಅಂಗನವಾಡಿಯಲ್ಲಿ ಅಡುಗೆಯ ಕೆಲಸವೂ ಇದೆಯಂತೆ.

"ಹೋಗ್ರಿ ಮತ್ತೆ, ಈ ಧೂಳಿನಲ್ಲಿ ಯಾಕೆ ಸಾಯ್ತೀರಿ?" ಎಂದೆ.

"ಹೆಂಗೆ ಹೋಗ್ಲಿ ಅಕ್ಕಾ? ನಾನು ಬೀಗ ಹಾಕ್ಕಂಡು ಹೋಗಿ, ಸುಬ್ಬಿ ಬಂದು ಬಾಗಿಲ ಮುಂದೆ ಕೂತ್ಕಂಡ್ರೆ? ಬರಲ್ಲ ಅಂತ ಹೇಳಿ ಕಳಿಸ್ದೆ."

ಡಾಕ್ಟರು ಕ್ಲಿನಿಕ್ಕಿನ ಬಾಗಿಲಲ್ಲೇ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. "ಒಳಗೆ ಬಾರವ್ವ" ಎಂದರು. ನನ್ನ ಕಡೆ ನೋಡಿದರು. ನಾನೂ ಹಿಂದೆ ಹೋದೆ. ಆಕೆಯನ್ನು ಸ್ಟೂಲಿನ ಮೇಲೆ ಕೂರಿಸಿ ತಾವು ನಿಂತುಕೊಂಡು, ಏನನ್ನೂ ಮುಚ್ಚದೆ, ಚೀಲ ಬಿಚ್ಚಿದಲ್ಲಿಂದ ಹೊಂಗೆಯ ಬುಡದವರೆಗೆ ಹೇಳಿದರು. "ನಿನಗೆ ಸುಳ್ಳು ಹೇಳ್ದೆ ಕಣವ್ವ. ನಿನ್ನ ಮುಖ ನೋಡಿ ಹೆದ್ರಿಕೊಂಡೆ" ಎಂದರು.

ಆಕೆ ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಕೂಗಿತಾ ಸಾರ್?"

"ತಂದಾಗ ಕೂಗ್ತಿತ್ತು. ಇಂಜೆಕ್ಷನ್ ಕೊಡೋವಾಗ ಇಲ್ಲ. ಒಂದ್ಸಲ ಪರಚಿತು, ಅಷ್ಟೆ."

"ಎಲ್ಲಿ?"

ಡಾಕ್ಟರು ತೋಳು ಮಡಚಿ ಎಡಗೈ ಚಾಚಿದರು. ಅಷ್ಟೊಂದು ಗೀರುಗಳ ನಡುವೆ ಒಂದನ್ನು ತೋರಿಸಿದರು. ಆಕೆ ಆ ಗೀರಿನ ಮೇಲೆ ಮೆಲ್ಲಗೆ ಬೆರಳಾಡಿಸಿದಳು, ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ. ಬೆಕ್ಕಿನ ಬೆನ್ನು ಸವರುವ ಹಾಗೆ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಅವಳು ತ್ಯಾವಣಿಗೆಗೆ ಹೋದಳು. ಎಲ್ಲ ಮುಗಿಯಿತು, ಡಾಕ್ಟರು ಇನ್ನಾದರೂ ನೆಮ್ಮದಿಯಾಗಿರುತ್ತಾರೆ ಎಂದುಕೊಂಡೆ. ಎಲ್ಲಿಯ ನೆಮ್ಮದಿ? ಗೋಡೌನು ಮುಚ್ಚುವ ಹೊತ್ತಿಗೆ ಸರಿಯಾಗಿ ಅವರ ಕೈ ನಿಂತುಬಿಡುತ್ತಿತ್ತು. ಗೋಡೆಯಾಚೆಯಿಂದ ಕೇಳುವರು: "ಕೂಗಿದ್ರೇನವ್ವ ಯಾರಾದ್ರೂ?"

"ಯಾರೂ ಇಲ್ಲ ಡಾಕ್ಟ್ರೇ."

"ಹೌದಾ? ಕರೆದಂಗಾತು."

ಸಂದಿಗೆ ಹೋಗಿ ನಿಂತು ಬರುವರು. ನಾನು ಹೇಳಿದ್ದು ನಿಜ, ಅಲ್ಲಿ ಯಾರೂ ಇರುತ್ತಿರಲಿಲ್ಲ. ಆದರೆ ಪಂಜರದ ಬೆಕ್ಕುಗಳು ಆ ಹೊತ್ತಿಗೆ ಕಿವಿ ನಿಮಿರಿಸಿ ಬಾಗಿಲ ಕಡೆ ತಿರುಗುವುದನ್ನು ನಾನೂ ನೋಡಿದ್ದೇನೆ. ಅನ್ನದ ಹೊತ್ತಿನ ಅಭ್ಯಾಸ ಇರಬೇಕು ಎನ್ನೋಣವೆಂದರೆ, ಆಕೆ ಕರೆಯುತ್ತಿದ್ದಾಗ ಇದ್ದ ಬೆಕ್ಕುಗಳೇ ಅಲ್ಲ ಅವು.

ಹೋದ ಬೇಸಿಗೆಯಲ್ಲಿ ಜಗಳೂರಿನ ತಮ್ಮ ಅಣ್ಣನ ಮನೆಗೆ ಹೋದವರು ಅಲ್ಲಿಯೇ, ಊಟ ಮಾಡಿ ಮಲಗಿದಲ್ಲೇ ತೀರಿಕೊಂಡರು. ಪಕ್ಕದ ಮಳಿಗೆಯಲ್ಲಿ ಈಗ ಮೊಬೈಲ್ ರಿಪೇರಿ. ಡಾಕ್ಟರು ಇಲ್ಲವೆಂದು ಜನಕ್ಕೆ ಗೊತ್ತಾಗಬೇಕಲ್ಲ! ಬೆಳಿಗ್ಗೆ ಬಂದು ಶಟರು ಎತ್ತುವಾಗ ನನ್ನ ಮೆಟ್ಟಿಲ ಮೇಲೆ ಕಟ್ಟಿದ ಚೀಲ ಮಿಸುಕಾಡುತ್ತಿರುತ್ತದೆ. ಬಿಟ್ಟುಹೋದವರಿಗೆ ಬಾಯಿಗೆ ಬಂದದ್ದು ಬೈಯುತ್ತ ಬಿಚ್ಚುತ್ತೇನೆ. ಗಾಯವಿದ್ದರೆ ಆಟೋದಲ್ಲಿ ಸರ್ಕಾರಿ ಪಶು ಆಸ್ಪತ್ರೆಗೆ ಹೋಗುತ್ತದೆ, ಇಲ್ಲದಿದ್ದರೆ ಬುಟ್ಟಿಯಲ್ಲಿ ಅಂಗಡಿಯ ಮುಂದೆ ಇರುತ್ತದೆ. ಬಂದ ಗಿರಾಕಿಗಳನ್ನೆಲ್ಲ ಕೇಳುತ್ತೇನೆ, ಯಾರ ಮನೆಯದಮ್ಮಾ ಇದು ಎಂದು. ಆ ಮನುಷ್ಯ ನನಗೆ ಅಂಟಿಸಿ ಹೋದ ರೋಗ. ನನ್ನ ಕೈಯೂ ಈಗ ನೋಡುವ ಹಾಗಿಲ್ಲ.

ಡಾಕ್ಟರು ತೀರಿಕೊಂಡ ಸುದ್ದಿಯನ್ನು ಆಗಲೇ ಗೋಡೌನಿನವರ ಮೂಲಕ ತ್ಯಾವಣಿಗೆಗೆ ಮುಟ್ಟಿಸಿದ್ದೆ. ಮರುದಿನ ಸಂಜೆ, ಅದೇ ಹೊತ್ತಿಗೆ, ಆಕೆ ಬಸ್ಸಿಳಿದು ಬಂದಳು. ಕ್ಲಿನಿಕ್ಕಿನ ಶಟರು ಮುಚ್ಚಿತ್ತು. ನನ್ನ ಹತ್ತಿರ ಮಾತಾಡದೆ ಹಿತ್ತಲಿಗೆ ಹೋದಳು. ನಾನೂ ಹಿಂದೆ ಹೋದೆ. ಹೊಂಗೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, ಸೆರಗಿನೊಳಗಿಂದ ಚಿಪ್ಪು ತೆಗೆದು, ಮಜ್ಜಿಗೆ ಅನ್ನ ಇಟ್ಟಳು. ಆಮೇಲೆ ಮೊದಲಿನ ಹಾಗೆಯೇ, ಊಟಕ್ಕೆ ಕರೆದ ಹಾಗೆ, ಕರೆದಳು.

"ಸುಬ್ಬೀ... ಬಾ ಬಾ ಬಾ... ಸುಬ್ಬೀ. ಡಾಕ್ಟ್ರು ಬರಾಕ್ ಹತ್ಯಾರೆ ನೋಡು, ನಿನ್ ಹತ್ರಕ್ಕೇ. ಒಳ್ಳೇರು. ಪರಚ್ಬ್ಯಾಡ."

ಮಣ್ಣನ್ನು ಒಂದು ಸಲ ತಟ್ಟಿದಳು. ಆಮೇಲೆ ಕೊನೆಯ ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೊರಟಳು.