ಆಂಟಿಯ ಹೆಬ್ಬೆರಳು

ಇಡ್ಲಿಗೆ ಉದ್ದು ಅರ್ಧ ರುಬ್ಬಿ ಆಗಿತ್ತು. ಗ್ರೈಂಡರಿನ ಸದ್ದು ಬದಲಾಯಿತು. ಗರಗರ ಎನ್ನುತ್ತಿದ್ದದ್ದು ಕಟಕಟ ಎಂದಿತು, ಆಮೇಲೆ ಕಲ್ಲು ಓಲಾಡಿ ಪಾತ್ರೆಯ ಅಂಚಿಗೆ ಬಡಿಯತೊಡಗಿತು. ಸ್ವಿಚ್ ಆರಿಸಿ ಬಗ್ಗಿ ಮೂಸಿದೆ. ಕೆಳಗಿನಿಂದ ಬಿಸಿ ಗ್ರೀಸಿನ ವಾಸನೆ, ಬೇರಿಂಗ್ ಸಡಿಲಾದಾಗ ಬರುವಂಥದ್ದು. ಸಿಡ್ನಿಯ ಕೆಲ್ಲಿವಿಲ್‌ನ ಈ ಹೊಸ ಮನೆಗೆ ಬಂದ ಮೇಲೆ ಆ ವಾಸನೆ ನನ್ನ ಮೂಗಿಗೆ ಬಿದ್ದಿರಲಿಲ್ಲ. ಅದು ಮೆಲ್ಬರ್ನ್‌ನಲ್ಲಿ ನಮ್ಮ ಪಕ್ಕದ ಮನೆಯ ಗರಾಜಿನ ವಾಸನೆ. ಗ್ರೈಂಡರೂ ಆ ಮನೆಯ ಆಂಟಿಯದೇ.

ಕೈ ಒರೆಸಿಕೊಳ್ಳುತ್ತಿರುವಾಗಲೇ ಫೋನ್ ಬಂತು. ಮೆಲ್ಬರ್ನ್‌ನಲ್ಲಿ ನಾವು ಹೋಗುತ್ತಿದ್ದ ಚರ್ಚಿನ ಒಬ್ಬ ಹೆಂಗಸು.

"ನಿಮ್ಮ ಪಕ್ಕದ ಮನೆ ಆಂಟಿ ತೀರಿಕೊಂಡ್ರು ಕಣ್ರೀ. ಹಾರ್ಟು. ನಿನ್ನೆ ಮಣ್ಣಾಯ್ತು. ನಿಮ್ಮ ಸಿಡ್ನಿ ನಂಬರ್ ಸಿಗೋಕೆ ಇಷ್ಟು ಹೊತ್ತಾಯ್ತು."

ಕುರ್ಚಿ ಎಳೆದುಕೊಂಡು ಕೂತೆ...

ಎರಡು ಸಾವಿರದ ಇಸವಿಯ ಆಸುಪಾಸು. ನಮಗಿನ್ನೂ ಪಿಆರ್, ಅಂದರೆ ಇಲ್ಲಿ ಕಾಯಂ ಇರುವ ಅನುಮತಿ, ಆಗಿರಲಿಲ್ಲ. ಮೆಲ್ಬರ್ನ್‌ನ ಡ್ಯಾಂಡೆನಾಂಗ್ ಕಡೆ ಒಂದು ಹಳೆಯ ಮನೆಯನ್ನು ರೆಂಟಿಗೆ ಹಿಡಿದಿದ್ದೆವು. ಪಕ್ಕದ ಮನೆಯವರು ಮಂಗಳೂರಿನ ಕೊಂಕಣಿ ಕ್ರೈಸ್ತರು ಎಂದು ತಿಳಿದಾಗ ದೇವರೇ ಕೊಟ್ಟ ನೆರೆ ಅಂದುಕೊಂಡಿದ್ದೆ. ನಮ್ಮದು ಹಾಸನ ಕಡೆಯ ಕನ್ನಡ ಕ್ರೈಸ್ತರ ಮನೆ. ನನಗೆ ಕೊಂಕಣಿ ಬಾರದು ಎಂದು ಆಂಟಿ ಬೇಲಿಯ ಆಚೆ ನಿಂತು ಅವರೂರಿನ ಕನ್ನಡದಲ್ಲೇ ಮಾತಾಡುತ್ತಿದ್ದರು. ಅಂಕಲ್ ಮೆಕ್ಯಾನಿಕ್. ಆಸ್ಟ್ರೇಲಿಯಾದಲ್ಲೂ ಹಿಮ ಬೀಳುತ್ತದೆ, ಅಲ್ಲಿ ಓಡಾಡಲು ಸ್ನೋಮೊಬೈಲ್ ಎನ್ನುವ ಗಾಡಿ ಇರುತ್ತದೆ ಎಂಬುದು ನನಗೆ ಗೊತ್ತಾದದ್ದೇ ಅವರಿಂದ. ಮುಂದೆ ಎರಡು ಜಾರುಪಟ್ಟಿ, ಹಿಂದೆ ಚಕ್ರದ ಬದಲು ಅಗಲವಾದ ರಬ್ಬರ್ ಟ್ರ್ಯಾಕ್. ಬೆಟ್ಟದ ಮೇಲೆ ಜಾರಾಟದಲ್ಲಿ ಕೈಕಾಲು ಮುರಿದುಕೊಂಡವರನ್ನು ಕೆಳಗೆ ತರುವ ಗಾಡಿಗಳು ಕೆಟ್ಟರೆ ಟ್ರೈಲರಿನಲ್ಲಿ ಅಂಕಲ್ ಗರಾಜಿಗೆ ಬರುತ್ತಿದ್ದವು.

ಅಂಕಲ್ ಹೊಡೆಯುವವರು. ಇದನ್ನು ಸುತ್ತುಬಳಸಿ ಹೇಳಲು ನನಗೆ ಬರುವುದಿಲ್ಲ. ಗರಾಜಿನಲ್ಲಿ ಸುತ್ತಿಗೆ ಕಬ್ಬಿಣಕ್ಕೆ ಬೀಳುವ ಸದ್ದು ನಿಂತರೆ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಕಿವಿಗೊಡುತ್ತಿದ್ದೆ, ಯಾಕೆಂದರೆ ಆಮೇಲಿನ ಸದ್ದು ಮನೆಯೊಳಗಿನಿಂದ ಬರುತ್ತಿತ್ತು. ಗಾಡಿಯ ಇಂಜಿನ್ನಿನ ಸವೆದುಹೋದ ರಬ್ಬರ್ ಡ್ರೈವ್ ಬೆಲ್ಟೊಂದನ್ನು ಅವರು ಬಾಗಿಲ ಹಿಂದೆ ಅದಕ್ಕೆಂದೇ ಮೊಳೆಗೆ ನೇತುಹಾಕಿದ್ದರು. ಅದರ ಒಳಮೈಯಲ್ಲಿ ಹಲ್ಲುಗಳಿರುತ್ತವೆ. ಆಂಟಿ ಬಟ್ಟೆ ಒಣಹಾಕಲು ಕೈ ಎತ್ತಿದರೆ ರಟ್ಟೆಯ ಮೇಲೆ ಬಾಚಣಿಗೆ ಎಳೆದ ಹಾಗೆ ಸಾಲು ಸಾಲಾಗಿ ನೀಲಿ ಗೆರೆ. ಒಮ್ಮೆ ತುಟಿ ಸೀಳಿತ್ತು. ಇನ್ನೊಮ್ಮೆ ಒಂದು ಹಿಡಿ ಕೂದಲು ಬುಡದಿಂದಲೇ ಹೋಗಿ ಅಲ್ಲಿ ಚರ್ಮ ಹಸಿಹಸಿಯಾಗಿತ್ತು.

ನಾನು ಪೊಲೀಸರಿಗೆ ಫೋನ್ ಮಾಡಿದೆ. ಬಂದರು. ಆಂಟಿ ಬಾಗಿಲಲ್ಲಿ ನಿಂತು ಬಾತ್‌ರೂಮಿನಲ್ಲಿ ಜಾರಿದೆ ಎಂದು ಹೇಳಿ ಕಳಿಸಿದರು. ಮರುದಿನ ಬೇಲಿಯ ಹತ್ತಿರ ಬಂದು, "ಫೋನ್ ಮಾಡಿದ್ದು ನೀನಲ್ವಾ? ಒಳ್ಳೇದಾಯ್ತು. ಇನ್ನು ಮಾಡ್ಬೇಡ ಮಾರಾಯ್ತಿ. ಪೊಲೀಸರು ಹೋದ ಮೇಲೆ ಮನೆಯಲ್ಲಿ ಇರುದು ನಾನಲ್ವಾ," ಎಂದರು.

ಆ ಮನೆಯಿಂದ ಒಂದು ದಿನ ಹೆಣ ಹೊರಡುತ್ತದೆ ಎಂದು ನಾನು ಹೆದರಿದ್ದೆ. ಜಪಸರ ಹಿಡಿದಾಗಲೆಲ್ಲ ಅದೊಂದನ್ನು ತಪ್ಪಿಸು ತಾಯಿ ಎಂದು ಬೇಡುತ್ತಿದ್ದೆ. ಹೆಣ ಯಾರದಾಗಬಹುದಿತ್ತು ಎಂಬುದನ್ನು ಮಾತ್ರ ನಾನು ತಪ್ಪು ತಿಳಿದಿದ್ದೆ.

ಅಂಕಲ್ ಕೊರಳಲ್ಲಿ ಬೆಂತಿನ್ ಇತ್ತು. ಕಾರ್ಮೆಲ್ ಮಾತೆಯ ಚಿತ್ರವಿರುವ ಎರಡು ಪುಟ್ಟ ಬಟ್ಟೆ ತುಂಡುಗಳನ್ನು ದಾರಕ್ಕೆ ಹೊಲಿದು ಕೊರಳಿಗೆ ಹಾಕಿಕೊಳ್ಳುವುದು. ಅದನ್ನು ಹಾಕಿಕೊಂಡು ಸತ್ತವರ ಕೈಯನ್ನು ಮಾತೆ ಬಿಡುವುದಿಲ್ಲ ಎಂದು ನಮ್ಮವರ ನಂಬಿಕೆ, ಹಾಗಾಗಿ ಸ್ನಾನಕ್ಕೂ ತೆಗೆಯದವರು ಇದ್ದಾರೆ. ಯಂತ್ರದ ಹತ್ತಿರ ಹೋಗುವಾಗ ವಾಚು, ಉಂಗುರ ಎಲ್ಲ ಬಿಚ್ಚಿಡುತ್ತಿದ್ದ ಅಂಕಲ್ ಇದೊಂದನ್ನು ಬಿಚ್ಚುತ್ತಿರಲಿಲ್ಲ. ಎಣ್ಣೆ, ಬೆವರು ಕುಡಿದು ದಾರ ಆಗಾಗ ಕಡಿಯುತ್ತಿತ್ತು. ಹಾಗೆ ಒಮ್ಮೆ ಕಡಿದು ಗರಾಜಿನ ನೆಲಕ್ಕೆ ಬಿದ್ದಾಗ, ಮಾತೆಯ ಗುರುತಿಗೆ ಕೊಳೆತ ದಾರ ಹಾಕಿದ್ದೀ ಎಂದು ಆಂಟಿಯನ್ನು ಬೆಲ್ಟಿನಿಂದ ಹೊಡೆದರು. ಆಮೇಲೆ ಆಂಟಿ ಗಾಡಿ ಸ್ಟಾರ್ಟ್ ಮಾಡಲು ಎಳೆಯುವ ನೈಲಾನ್ ಹಗ್ಗದ ಎಳೆ ಬಿಚ್ಚಿ, ಹೊಸೆದು, ಅದರಲ್ಲಿ ಬೆಂತಿನ್ ಹೊಲಿದು ಕೊಟ್ಟರು.

"ಇನ್ನು ಕಡಿಯುದಿಲ್ಲ," ಎಂದು ಬೇಲಿಯಾಚೆಯಿಂದ ನನಗೆ ಎಳೆದು ತೋರಿಸಿ ನಕ್ಕಿದ್ದರು. "ಇದರಲ್ಲಿ ಎಮ್ಮೆ ಕಟ್ಟಬಹುದು."

ಆಗಸ್ಟಿನ ಒಂದು ಶನಿವಾರ ಬೆಳಿಗ್ಗೆ ನಾನು ಸಾರಿನ ಪಾತ್ರೆ ಹಿಡಿದುಕೊಂಡು ಅವರ ಗರಾಜಿಗೆ ಹೋದೆ. ಬೆಟ್ಟದಿಂದ ಬಂದ ಗಾಡಿಯ ಹಿಂಭಾಗವನ್ನು ಸ್ಟ್ಯಾಂಡಿಗೆ ಏರಿಸಿದ್ದರು, ಟ್ರ್ಯಾಕ್ ಗಾಳಿಯಲ್ಲಿತ್ತು. ಆ ಟ್ರ್ಯಾಕನ್ನು ತಿರುಗಿಸುವುದು ಡ್ರೈವ್‌ಶಾಫ್ಟ್ ಎನ್ನುವ ಕಬ್ಬಿಣದ ದಂಡ. ಅದರ ಬೇರಿಂಗು ಸಡಿಲಾಗಿ ದಂಡ ಅಲುಗುತ್ತಿತ್ತು. ಆಂಟಿ ಸೀಟಿನ ಮೇಲೆ ಕೂತಿದ್ದರು, ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಬಲಗೈ ಹೆಬ್ಬೆರಳು ಎಕ್ಸಲರೇಟರಿನ ಮೇಲೆ. ಎಡ ಮುಂಗೈಗೆ ಒಂದು ಸುರುಳಿ ತಂತಿ ಕಟ್ಟಿತ್ತು, ಎಳೆದರೆ ಇಂಜಿನ್ ನಿಲ್ಲುತ್ತದೆ. ಅಂಕಲ್ ಪಕ್ಕದಲ್ಲಿ ಮೊಣಕಾಲೂರಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿಗೆ, ಹಿಡಿಯನ್ನು ಕಿವಿಗೆ ಒತ್ತಿ ಸದ್ದು ಕೇಳುತ್ತಿದ್ದರು.

"ಒತ್ತು. ಇನ್ನೂ ಒತ್ತು. ಕೈಗೆ ಲಕ್ವ ಹೊಡೆದದ್ದಾ ನಿನಗೆ? ಇನ್ನೊಂದು ಕಣ್ಣೂ ಮುಚ್ಚಿಸ್ಬೇಕಾ?"

ಆಂಟಿ ಒತ್ತಿದರು. ಟ್ರ್ಯಾಕ್ ಭರ್ರೆಂದು ತಿರುಗಿತು, ಅದರಲ್ಲಿ ಸಿಕ್ಕಿಕೊಂಡಿದ್ದ ಕಲ್ಲು ಸಿಡಿದು ತಗಡಿನ ಗೋಡೆಗೆ ಬಡಿಯಿತು. ಅಂಕಲ್ ಮುಂದೆ ಬಗ್ಗಿದರು. ಬೇರಿಂಗನ್ನು ದಂಡಕ್ಕೆ ಹಿಡಿದಿಡುವ ಕಾಲರ್ ಎಂಬ ಕಬ್ಬಿಣದ ಬಳೆಯ ಸ್ಕ್ರೂ ಸಡಿಲಾಗಿ ಹೊರಗೆ ಚಾಚಿಕೊಂಡಿತ್ತು. ಅಂಗಿಯಿಂದ ಜಾರಿದ ಬೆಂತಿನ್ ಅದಕ್ಕೆ ಸಿಕ್ಕಿಕೊಂಡಿತು.

ಹತ್ತಿಯ ದಾರವಾಗಿದ್ದರೆ ಕಡಿದು ಬೀಳುತ್ತಿತ್ತು. ಇದು ಸುತ್ತಿಕೊಂಡಿತು. ಅಂಕಲ್ ಮುಖ ಗಾಡಿಯ ಕಬ್ಬಿಣಕ್ಕೆ ಹೋಗಿ ಅಪ್ಪಳಿಸಿದ ಸದ್ದು ಕೇಳಿಸಿತು. ಮೂಗು ಒಡೆದು ರಕ್ತ ಚಿಮ್ಮಿತು. ದಾರ ಕೊರಳಿನ ಚರ್ಮ ಸೀಳಿ ಒಳಗಿಳಿಯಿತು. ಅವರ ಕಾಲುಗಳು ನೆಲ ಒದೆಯುತ್ತಿದ್ದವು. ನಾನು ಆಂಟಿಯನ್ನು ನೋಡಿದೆ. ಅವರು ಗಂಡನನ್ನು ನೋಡುತ್ತಿದ್ದರು, ತೆರೆದಿದ್ದ ಆ ಒಂದು ಕಣ್ಣಿನಿಂದ. ಹೆಬ್ಬೆರಳು ಮೇಲೇಳಲಿಲ್ಲ. ಮುಖದಲ್ಲಿ ಗಾಬರಿಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ... ಒಲೆಯ ಮೇಲಿಟ್ಟ ಹಾಲನ್ನು ನೋಡುತ್ತಾ ನಿಂತವರ ಹಾಗಿದ್ದರು.

ಪಾತ್ರೆ ನನ್ನ ಕೈಯಿಂದ ಬಿತ್ತು. "ಆಂಟೀ, ಬಿಡಿ. ದೇವರ ಮೇಲಾಣೆ, ಬಿಡಿ."

ಅವರು ನನ್ನ ಕಡೆ ತಿರುಗಿದರು. ಆಮೇಲೆ ಬೆರಳು ಎತ್ತಿದರು. ಎಡಗೈ ಜಗ್ಗಿದರು, ಇಂಜಿನ್ ನಿಂತಿತು.

ಬೆಂಚಿನ ಮೇಲಿದ್ದ ಚಾಕು ತಂದು ಅಲಗನ್ನು ಗಂಡನ ಕೊರಳಿಗೂ ದಾರಕ್ಕೂ ನಡುವೆ ತೂರಿಸಿದರು. "ಅಲ್ಲಾಡ್ಬೇಡಿ," ಎಂದರು. ಅಂಕಲ್ ಕಣ್ಣುಗಳು ಹೊರಗೆ ಬಂದಿದ್ದವು, ಪ್ಯಾಂಟು ಒದ್ದೆಯಾಗಿತ್ತು. ಅಲ್ಲಾಡಲಿಲ್ಲ. ನೈಲಾನ್ ಗಟ್ಟಿ, ಕೂಡಲೇ ಕಡಿಯಲಿಲ್ಲ. ಕಡಿದಾಗ ಅಂಕಲ್ ಗೋಣಿಚೀಲದ ಹಾಗೆ ಪಕ್ಕಕ್ಕೆ ಉರುಳಿದರು. ಉಸಿರಾಡಿದರು. ದೇವರಿಗೆ ಸ್ತೋತ್ರ. ನಾನು ಆಂಬ್ಯುಲೆನ್ಸ್ ಕರೆದೆ. ಆಂಟಿ ಅವರ ಜೊತೆ ಹತ್ತಲಿಲ್ಲ.

ಅವರು ಮತ್ತೆ ಗರಾಜಿಗೆ ಹೋಗಿ ಗಾಡಿಯ ಪಕ್ಕ ಕೂತರು. ದಂಡಕ್ಕೆ ಸುತ್ತಿದ್ದ ದಾರ ಬಿಡಿಸಿದರು, ಬಟ್ಟೆಯ ತುಂಡುಗಳನ್ನು ಕಣ್ಣಿಗೊತ್ತಿಕೊಂಡು ಕಿಸೆಗೆ ಹಾಕಿಕೊಂಡರು. ರಕ್ತ ಒರೆಸಿ, ಹಳೆಯ ಬೇರಿಂಗನ್ನು ಹೊಡೆದು ತೆಗೆದು, ದಂಡವನ್ನು ಪಾಲಿಶ್ ಕಾಗದದಲ್ಲಿ ತಿಕ್ಕಿ ಹೊಸದನ್ನು ಕೂರಿಸಿದರು. ಕಾಲರನ್ನು ದಂಡ ತಿರುಗುವ ದಿಕ್ಕಿಗೇ ತಟ್ಟಿ ಬಿಗಿ ಮಾಡಿ ಸ್ಕ್ರೂ ತಿರುಗಿಸಿದರು. ಗಂಡನಿಗೆ ದೀಪ ಹಿಡಿದು ಹಿಡಿದು ನೋಡಿದ ಕೆಲಸ. ನಾನು ಚೆಲ್ಲಿದ ಸಾರನ್ನು ಒರೆಸುತ್ತಿದ್ದೆ, ಇದನ್ನೆಲ್ಲ ಈಗ ಯಾಕೆ ಮಾಡುತ್ತಿದ್ದೀರಿ ಎಂದು ಕೇಳಿದೆ.

"ಅಲ್ಲಿ ಮೇಲೆ ಯಾರದ್ದೋ ಕಾಲು ಮುರಿದಿರ್ತದೆ. ಗಾಡಿ ಬೇಕಲ್ಲ ಅವರಿಗೆ."

ಸಕ್ಕರೆಗೆ ಪಾತ್ರೆ ತೊಳೆಯುವ ಸೋಪು ಬೆರೆಸಿ ಕೈಯ ಗ್ರೀಸು ತೊಳೆದರು. ಆಮೇಲೆ ಒಂದು ಬ್ಯಾಗು ತುಂಬಿಕೊಂಡು ಬಂದು, ನನ್ನನ್ನು ರೈಲ್ವೆ ಸ್ಟೇಷನ್ನಿಗೆ ಬಿಡ್ತೀಯಾ ಎಂದು ಕೇಳಿದರು. ಬಗಲಲ್ಲಿ ಈ ಗ್ರೈಂಡರ್. "ಇದು ನಿನಗೆ. ಇಲ್ಲಿಟ್ಟರೆ ಗೋಡೆಗೆ ಒಗೀತಾರೆ."

ಕಾರಿನಲ್ಲಿ ನಾನು, ಇನ್ನು ಅವರು ನಿಮ್ಮನ್ನು ಹೊಡೆಯಲಾರರು, ಹೆದರಿದ್ದಾರೆ ಎಂದೆ. ಆಂಟಿ ತಮ್ಮ ಹೆಬ್ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಕೂತಿದ್ದರು.

"ಅವರು ಕೊಲ್ತಾರೆ ಅಂತ ನಾನು ಹೋಗುದಲ್ಲ ಮಗಾ. ನನ್ನ ಬೆರಳು ಬಿಡ್ಲಿಲ್ಲ, ನೀನು ನೋಡಿದಿ. ಇನ್ನೊಂದು ಸಲ ನೀನು ಬಾಗಿಲಲ್ಲಿ ಇರುದಿಲ್ಲ."

ಸ್ಟೇಷನ್ನಿಗಿಂತ ಮೊದಲು ಚರ್ಚಿನ ಹತ್ತಿರ ನಿಲ್ಲಿಸು ಎಂದರು. ಪಾಪನಿವೇದನೆ ಮಾಡಿ ಬಂದರು. ಒಳಗೆ ಏನು ಹೇಳಿದರೋ ನಾನು ಕೇಳಲಿಲ್ಲ. ಹೊರಗೆ ಬಂದಾಗ ನಡಿಗೆ ಹಗುರವಾಗಿತ್ತು, ಅಷ್ಟು ಗೊತ್ತು. ಆಮೇಲೆ ಪಟ್ಟಣದ ಇನ್ನೊಂದು ತುದಿಯಲ್ಲಿ ಒಂದು ಕೋಣೆ ಹಿಡಿದು, ವೃದ್ಧಾಶ್ರಮವೊಂದರ ಅಡುಗೆಮನೆಯಲ್ಲಿ ಕೆಲಸಕ್ಕಿದ್ದರು. ನಾವು ಸಿಡ್ನಿಗೆ ಬಂದ ಮೇಲೆ ಕ್ರಿಸ್‌ಮಸ್‌ಗೆ ಫೋನ್ ಮಾಡುತ್ತಿದ್ದರು. ಆಮೇಲೆ ಅದೂ...

"ಅವರ ಯಜಮಾನ್ರೂ ಬಂದಿದ್ರು," ಎಂದು ಫೋನಿನಲ್ಲಿ ಆ ಹೆಂಗಸು ಹೇಳುತ್ತಿದ್ದಳು. "ಹಿಂದಿನ ಬೆಂಚಲ್ಲಿ ಕೂತಿದ್ರು. ಸೆಕೆಯಲ್ಲೂ ಅಂಗಿಯ ಮೇಲಿನ ಗುಂಡಿ ಹಾಕ್ಕೊಂಡು."

"ಆಂಟಿ ಮುಖ ಹೇಗಿತ್ತು?" ಎಂದು ಕೇಳಿದೆ.

"ಹೇಗಿತ್ತು ಅಂದ್ರೆ? ನಿದ್ದೆ ಮಾಡ್ದಂಗಿತ್ತು ಕಣ್ರೀ. ಒಂದು ಕಲೆ ಇರ್ಲಿಲ್ಲ. ಯಾಕೆ?"

ಸುಮ್ಮನೆ ಕೇಳಿದೆ ಎಂದೆ. ಒಂದು ಕಲೆ ಇರಲಿಲ್ಲ. ಇಷ್ಟು ಕೊಟ್ಟೆಯಲ್ಲ ತಾಯಿ ಎಂದು ಶಿಲುಬೆಯ ಗುರುತು ಹಾಕಿಕೊಂಡೆ. ಆಗ ಅಳು ಬಂತು. ಅವರ ದನಿ ಇನ್ನೊಮ್ಮೆ ಕೇಳಬೇಕಿತ್ತು, ಆ ಮಾರಾಯ್ತಿ ಅನ್ನುವುದನ್ನು.

ಉದ್ದು ಹಾಗೇ ಇತ್ತು. ಬಿಟ್ಟರೆ ಬಿಸಿಗೆ ಹುಳಿಯಾಗುತ್ತದೆ. ಕಲ್ಲು ಎತ್ತಿ, ಅಂಟಿದ್ದನ್ನು ಹೆಬ್ಬೆರಳಿನಿಂದ ಬಳಿದು ತೆಗೆದೆ. ಗ್ರೈಂಡರನ್ನು ಒರೆಸಿ ಮೂಲೆಗಿಟ್ಟು, ಉಳಿದ ಬೇಳೆಯನ್ನು ಸ್ವಲ್ಪ ಸ್ವಲ್ಪವೇ ಮಿಕ್ಸಿಗೆ ಹಾಕಿದೆ.